ಬೆಳಿಗ್ಗೆ ಎರಡು, ರಾತ್ರಿ ಎರಡು

ಸುಳ್ಳು ಹೇಳುವುದೇ ಆದರೆ ಒಂದೇ ಸಲಕ್ಕೆ ಹೇಳಿ ಕೈತೊಳೆದುಕೊಳ್ಳುವಂಥದ್ದನ್ನು ಹೇಳಬೇಕು ಸ್ವಾಮಿ. ತಿಂಗಳು ಬಿಟ್ಟು ಮತ್ತೆ ಬರುತ್ತೇವೆ, ಬಂದು ಇದನ್ನೇ ಇನ್ನೊಂದು ಸಲ ಕೇಳುತ್ತೇವೆ ಎಂದು ಮೊದಲೇ ಸಾರಿಕೊಂಡು ಬಂದವರ ಮುಂದೆ ಯಾರಾದರೂ ಸುಳ್ಳು ಹೇಳುತ್ತಾರೆಯೇ? ನಮ್ಮ ಚಲುವರಾಜು ಹೇಳಿದ. ಅದೂ ಎಂಥ ಸುಳ್ಳು! ಹೆಣ್ಣಿನ ವಿಚಾರವಲ್ಲ, ಹೊಲದ ಬದುವಿನ ವಿಚಾರವೂ ಅಲ್ಲ. ಮುದ್ದೆಯ ವಿಚಾರ.

ಚಲುವರಾಜು ಶೀಳನೆರೆ ಕಡೆಯವನು. ನಾಲೆ ಬಯಲಿನಲ್ಲಿ ಗದ್ದೆ, ಮೇಲೆ ದಿಣ್ಣೆಯಲ್ಲಿ ರಾಗಿ ಹೊಲ, ಕೊಟ್ಟಿಗೆಯಲ್ಲಿ ಎರಡು ಸೀಮೆಹಸು, ಒಂದು ಎಮ್ಮೆ. ಮಗಳು ಅರ್ಪಿತಳನ್ನು ನಾಗಮಂಗಲಕ್ಕೆ ಕೊಟ್ಟಾಗಿದೆ. ಮನೆಯಲ್ಲಿ ಈಗ ಅವನು ಮತ್ತು ಹೆಂಡತಿ ದ್ಯಾವಮ್ಮ, ಇಬ್ಬರೇ. ಐವತ್ತು ದಾಟಿದ್ದರೂ ಆಳು ಬಾಗಿಲು ತುಂಬುವಂತಿದ್ದ. ಹರೆಯದಲ್ಲಿ ಸಂತೆಬಾಚಹಳ್ಳಿಯಲ್ಲಿ ಯಾವುದೋ ಸಂಘದವರು ಮುದ್ದೆ ಉಣ್ಣುವ ಪಂದ್ಯ ಇಟ್ಟಾಗ ಎಲ್ಲರನ್ನೂ ಹಿಂದೆ ಹಾಕಿ, ಟಗರು ಗೆದ್ದು, ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಊರಿಗೆ ಬಂದಿದ್ದ. ಆ ಟಗರಿನ ಬಾಡು ತಿಂದವರು ಇವತ್ತಿಗೂ ಆ ಮಾತು ಎತ್ತುತ್ತಾರೆ.

ಅಂಥವನ ಗಂಟಲಲ್ಲಿ ಗೌರಿಹಬ್ಬ ಕಳೆದ ಮೇಲೆ ಮುದ್ದೆ ನಿಲ್ಲತೊಡಗಿತು.

ಮುದ್ದೆಯನ್ನು ನಾವು ಅಗಿಯುವುದಿಲ್ಲವಲ್ಲ. ಮುರಿದು, ಬೆರಳಲ್ಲಿ ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ, ಗುಳಕ್ಕನೆ ನುಂಗಿಬಿಡುವುದು. ಹಲ್ಲಿಗೆ ಅಲ್ಲಿ ಕೆಲಸವಿಲ್ಲ, ಎಲ್ಲ ಗಂಟಲಿನದೇ ಕಾರುಬಾರು. ಆ ಗಂಟಲೇ ಕೈಕೊಟ್ಟಿತು. ನುಂಗಿದ ತುತ್ತು ಎದೆಯ ಮೇಲುಭಾಗದಲ್ಲಿ ಒಂದು ಕಡೆ ಬಂದು ನಿಲ್ಲುತ್ತಿತ್ತು. ಕೆಳಗೆ ಹೋಗದು, ಮೇಲೆ ಬಾರದು. ದೂಡೋಣವೆಂದು ನೀರು ಕುಡಿದರೆ ನೀರೂ ಅದರ ಮೇಲೆ ನಿಂತು ಮೂಗಿಗೆ ಬರುತ್ತಿತ್ತು. ಮೊದಮೊದಲು ಶೀತ ಅಂದುಕೊಂಡ. ಮೆಣಸಿನ ಕಷಾಯ ಕುಡಿದ. ದಸರಾ ಕಳೆಯುವಷ್ಟರಲ್ಲಿ ಅನ್ನವನ್ನೂ ಕಿವುಚಿ ಕಿವುಚಿ ತಿನ್ನಬೇಕಾಯಿತು. ದೀಪಾವಳಿಗೆ ಅದೂ ಇಲ್ಲ. ಹಾಲು, ಮಜ್ಜಿಗೆ, ಸಾರಿನ ತಿಳಿ, ಇಷ್ಟೇ.

ಇದು ಏನು ಅಂತ ಅವನಿಗೆ ಗೊತ್ತಿಲ್ಲದೆ ಇರಲಿಲ್ಲ. ಅವನ ಅಣ್ಣ ಶಿವಲಿಂಗಯ್ಯನಿಗೆ ಆದದ್ದೂ ಇದೇ ವರಸೆಯಲ್ಲಿ. ಮೊದಲು ಮುದ್ದೆ ನಿಂತಿತು, ಆಮೇಲೆ ಅನ್ನ, ಆಮೇಲೆ ಗಂಜಿ, ಕೊನೆಗೆ ನೀರು. ಆಸ್ಪತ್ರೆಗೆ ಕರೆದೊಯ್ಯುವ ಹೊತ್ತಿಗೆ ಗಂಜಿಯೂ ನಿಂತಿತ್ತು. ತುಂಬ ತಡವಾಗಿ ತಂದಿದ್ದೀರಿ ಎಂದರು. ಯುಗಾದಿಗೆ ಆಸ್ಪತ್ರೆ ಕಂಡವನು ಶ್ರಾವಣ ಕಾಣಲಿಲ್ಲ. ಹೆಂಡತಿ ಇಲ್ಲದ ಮನುಷ್ಯ, ಕೊನೆಯ ದಿನಗಳಲ್ಲಿ ಬಾವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಮಚದಲ್ಲಿ ನೀರು ಬಿಟ್ಟವಳು ಈ ದ್ಯಾವಮ್ಮನೇ.

ಇದರಿಂದ ಚಲುವರಾಜು ಕಲಿತದ್ದೇನು? ಬೇಗ ಹೋಗಿ ತೋರಿಸಬೇಕು ಎಂದೇ? ಎಲ್ಲಿ ಬಂತು! ಆಸ್ಪತ್ರೆಗೆ ಹೋದ ಮೇಲೆ ಅಣ್ಣ ಸತ್ತ, ಹಾಗಾಗಿ ಆಸ್ಪತ್ರೆಗೆ ಹೋಗಬಾರದು ಎಂದು ಕಲಿತ. ಯಾರೂ ಹೆಸರು ಹೇಳದಿದ್ದರೆ ಅದು ರೋಗವಲ್ಲ, ಬರೀ ಗಂಟಲು ನೋವು. ದ್ಯಾವಮ್ಮನಿಗಂತೂ ಗೊತ್ತಾಗಲೇಕೂಡದು. ಗೊತ್ತಾದರೆ ಅವಳ ಕೈಯಲ್ಲಿ ಮತ್ತೆ ಅದೇ ಚಮಚ. ಎಂಥ ಬುದ್ಧಿವಂತ ನೋಡಿ! ಕೆನ್ನೆಗೆ ಎರಡು ಕೊಡೋಣ ಅನಿಸುತ್ತದೆ. ಆದರೆ ಹೆದರಿಕೆ ಹೊಕ್ಕವನ ತಲೆ ಓಡುವುದೇ ಹಾಗೆ, ಏನು ಮಾಡುವುದು. ಅವನಿಗೆ ಹೆದರಿಕೆಯಾಗಿತ್ತು. ಬೆಳಿಗ್ಗೆ ಎದ್ದಾಗ ಮೊದಲು ಬಾಯಲ್ಲಿ ಬರುತ್ತಿದ್ದ ಎಂಜಲನ್ನು ನುಂಗಿ, ಇಳಿಯಿತಾ ಎಂದು ನೋಡಿಕೊಳ್ಳುವಷ್ಟು ಹೆದರಿಕೆ.

ಈ ಗುಟ್ಟನ್ನು ಕಾಪಾಡಿದವಳು ಎಮ್ಮೆ, ಅದರ ಹೆಸರು ಕಾಳಿ. ಹಬ್ಬದ ಸುಮಾರಿಗೆ ಈದಿತ್ತು. ನಾನು ಹತ್ತಿರ ಕೂತರೇ ಅದು ಸರಿಯಾಗಿ ಹಾಲು ಬಿಡುವುದು ಎಂದು ಚಲುವರಾಜು ಒಂದು ನೆವ ತೆಗೆದ. ಎರಡು ಹೊತ್ತೂ ತಟ್ಟೆ ಹಿಡಿದು ಕೊಟ್ಟಿಗೆಗೆ ಹೋಗುವುದು, ಗೋಡೆಗೆ ಒರಗಿ ಕೂರುವುದು, ಸಾರಿನ ತಿಳಿ ತಾನು ಕುಡಿದು ಮುದ್ದೆಯನ್ನು ಕಾಳಿಯ ಬಾಯಿಗೆ ಇಡುವುದು. ಅಗಿಯುವ ಕಷ್ಟ ಅದಕ್ಕೂ ಇರಲಿಲ್ಲ. ಆಮೇಲೆ ಕರೆದ ಹಾಲಿನಲ್ಲಿ ಒಂದು ಲೋಟ ತಾನು ಕುಡಿಯುವುದು. ಎಮ್ಮೆಗೆ ಇವನು ಮುದ್ದೆ ಕೊಟ್ಟ, ಇವನಿಗೆ ಎಮ್ಮೆ ಹಾಲು ಕೊಟ್ಟಿತು. ಖಾಲಿ ತಟ್ಟೆ ತಂದು ಬಚ್ಚಲಿಗೆ ಹಾಕಿದರೆ ದ್ಯಾವಮ್ಮ ಒಳಗೆ ಕೂತು ತನ್ನ ಊಟ ಮಾಡುವಳು. ಗಂಡಸು ಉಂಡ ಮೇಲೆ ಹೆಂಗಸು, ಅವನು ಹೊರಗೆ, ಅವಳು ಒಳಗೆ. ಒಬ್ಬರ ತಟ್ಟೆ ಇನ್ನೊಬ್ಬರು ನೋಡುವ ಪದ್ಧತಿಯೇ ಆ ಮನೆಯಲ್ಲಿ ತಪ್ಪಿಹೋಯಿತು.

ಹೀಗಿರುವಾಗ ಅಸ್ಫಿಯಾ ಬಂದಳು.

ಅವಳು ಕೆ.ಆರ್.ಪೇಟೆಯ ಇಮಾಮ್ ಸಾಬರ ಮಗಳು. ಇಮಾಮ್ ಲಗೇಜ್ ಆಟೋ ಇಟ್ಟುಕೊಂಡವನು. ಈ ಊರಿನ ತೆಂಗಿನಕಾಯಿ, ಹುಲ್ಲಿನ ಹೊರೆ ಎಲ್ಲ ಅವನ ಗಾಡಿಯಲ್ಲೇ ಹೋಗುವುದು. ಹುಡುಗಿ ಓದಿಕೊಂಡು, ಯಾವುದೋ ದೊಡ್ಡ ಕಾಲೇಜಿನವರ ಸರ್ವೆ ಕೆಲಸಕ್ಕೆ ಸೇರಿದ್ದಳು. ಮಕ್ಕಳನ್ನು ಬಿಟ್ಟು ದೊಡ್ಡವರು ಏನು ತಿನ್ನುತ್ತಾರೆ, ಎಷ್ಟು ತಿನ್ನುತ್ತಾರೆ ಎಂದು ಕೇಳುವ ಕೆಲಸ. ಶ್ರೀರಂಗಪಟ್ಟಣ, ಪಾಂಡವಪುರ ಮುಗಿಸಿದ್ದರಂತೆ, ಕೆ.ಆರ್.ಪೇಟೆ ನಡೆಯುತ್ತಿತ್ತು, ಮುಂದೆ ನಾಗಮಂಗಲವಂತೆ. ಜಗಲಿಯ ಮೇಲೆ ಕೂತು ಟ್ಯಾಬು ಬಿಚ್ಚಿದಳು. ಗಂಡ ಹೆಂಡತಿ ಇಬ್ಬರನ್ನೂ ಕೇಳಬೇಕೆಂದಳು. ಡೈರಿ ಸೆಕ್ರೆಟರಿ ಮಂಜುನಾಥ ದಾರಿಯಲ್ಲಿ ಹೋಗುತ್ತಿದ್ದವನು ತಾನೂ ಬಂದು ಕೂತ. ಅವನಿಗೆ ಬೇರೆ ಕೆಲಸವಿರಲಿಲ್ಲ ಅಂತಲ್ಲ, ಇದಕ್ಕಿಂತ ರುಚಿಯಾದ ಕೆಲಸ ಇರಲಿಲ್ಲ.

"ಇದ್ರಲ್ಲಿ ಸರಿ ತಪ್ಪು ಅಂತ ಏನೂ ಇಲ್ಲಣ್ಣ," ಅಂದಳು ಅಸ್ಫಿಯಾ. "ಇದು ನಿಮ್ಮ ಪರೀಕ್ಷೆ ಅಲ್ಲ, ನಮ್ಮ ಪ್ರಶ್ನೆಗಳ ಪರೀಕ್ಷೆ. ಒಂದು ತಿಂಗಳು ಬಿಟ್ಟು ಬಂದು ಇದನ್ನೇ ಮತ್ತೆ ಕೇಳ್ತೀನಿ. ಎರಡೂ ಸಲ ಒಂದೇ ಉತ್ತರ ಬಂದ್ರೆ ನಮ್ಮ ಪ್ರಶ್ನೆ ನಂಬಬೋದು ಅಂತ."

"ಅಂಗಾರೆ ಇವ್ನ ಹೆಂಡ್ರು ದಿನಾ ಮಾಡೋದು ಇದೇಯಾ," ಅಂದ ಮಂಜುನಾಥ. "ಎಲ್ಲೋಗಿದ್ದೆ ಅಂತ ಒಂದ್ಸಲ ಕೇಳ್ತಳೆ. ವಸಿ ಹೊತ್ ಬುಟ್ಟು ಮತ್ತೆ ಕೇಳ್ತಳೆ."

"ನಿನ್ನೆಂಡ್ತಿ ಕೇಳೋದೇ ಬುಟ್ಟವ್ಳೆ, ನೀನೇಳೋದು ಒಂದೂ ನಿಜ ಇಲ್ಲ ಅಂತ," ಎಂದು ಒಳಗಿನಿಂದ ದ್ಯಾವಮ್ಮ ತಿರುಗಿಸಿ ಕೊಟ್ಟಳು.

ಪ್ರಶ್ನೆಗಳು ಶುರುವಾದವು. ಬ್ರೆಡ್ಡು ತಿಂತೀರಾ? "ಜ್ವರ ಬಂದ್ರೆ." ಓಟ್ಸು? "ಅದು ದನೀನ್ ಮೇವಾ?" ಅಣಬೆ? "ಮಳೆ ಬಿದ್ದಾಗ ಸಿಕ್ಕುದ್ರೆ." ಮೀನು? "ನಾಲೆ ನೀರು ನಿಲ್ಸುದಾಗ." ಚಲುವರಾಜುವಿಗೂ ನಗು ಬಂತು. ಬಹಳ ದಿನಗಳ ಮೇಲೆ ಊಟದ ಮಾತಿನಲ್ಲಿ ಅವನು ನಕ್ಕಿದ್ದ. ಅಷ್ಟರಲ್ಲಿ ಅವಳು ಚೀಲದಿಂದ ಮೂರು ಮರದ ಉಂಡೆಗಳನ್ನು ತೆಗೆದು ಚಾಪೆಯ ಮೇಲಿಟ್ಟಳು. ಸಣ್ಣದು, ನಡುವಿನದು, ದೊಡ್ಡದು.

"ನೀವು ತಿನ್ನೋ ಮುದ್ದೆ ಇದ್ರಲ್ಲಿ ಯಾವ ಗಾತ್ರ ಅಣ್ಣ? ದಿನಕ್ಕೆ ಎಷ್ಟು? ಈಗ, ಈ ಒಂದು ತಿಂಗಳಿಂದ."

"ಸಂತೆಬಾಚಳ್ಳೀಲಿ ಟಗರು ಗೆದ್ದೋನಿಗೆ ಈ ನಿಂಬೆಹಣ್ಣು ತೋರುಸ್ತೀಯಲ್ಲವ್ವ!" ಎಂದು ಮಂಜುನಾಥ ತೊಡೆ ತಟ್ಟಿ ನಕ್ಕ.

ಚಲುವರಾಜು ಉಂಡೆಗಳನ್ನು ನೋಡಿದ. ಸಣ್ಣದೂ ಅವನ ಗಂಟಲಿಗೆ ಬೆಟ್ಟವಾಗಿತ್ತು. ಈ ಹುಡುಗಿ ಬೈಯುವವಳಲ್ಲ, ಅಳುವವಳಲ್ಲ, ಬರೆದುಕೊಂಡು ಹೋಗುವವಳು. ಹೇಳಿಬಿಡೋಣ ಎಂದು ಒಂದು ಕ್ಷಣ ಅನಿಸಿದ್ದೂ ನಿಜ. ಆದರೆ ಪಕ್ಕದಲ್ಲಿ ಮಂಜುನಾಥ ಹಲ್ಲು ಕಿಸಿಯುತ್ತಿದ್ದ, ಹೊಸ್ತಿಲಲ್ಲಿ ದ್ಯಾವಮ್ಮ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಅವಳ ಮುಖದಲ್ಲಿ ಗಂಡನ ಊಟದ ಬಗ್ಗೆ ಒಂದು ಹೆಮ್ಮೆ ಇತ್ತು. ಆ ಹೆಮ್ಮೆ ನೋಡಿ ಅವನ ಬಾಯಿ ತಾನಾಗಿ ಆಡಿತು.

"ಇದ್ಕಿಂತ ದೊಡ್ಡುದು ಇಲ್ವಾ? ಸರಿ, ಈ ದೊಡ್ಡುದೇ ಬರ್ಕೊ. ಬೆಳಿಗ್ಗೆ ಎರಡು, ರಾತ್ರಿ ಎರಡು."

"ನಾನೇ ತೊಳಸಿ ಇಕ್ಕೋಳು ಕಣವ್ವ, ಒಂದು ಚೂರೂ ತಟ್ಟೇಲಿ ಉಳ್ಸಲ್ಲ," ಅಂದಳು ದ್ಯಾವಮ್ಮ. ಹುಡುಗಿ ಬರೆದುಕೊಂಡಳು. ದ್ಯಾವಮ್ಮನದು ಬೆಳಿಗ್ಗೆ ಒಂದೂವರೆ, ರಾತ್ರಿ ಒಂದು, ನಡುವಿನ ಗಾತ್ರ. ಅದನ್ನೂ ಬರೆದುಕೊಂಡಳು.

ಆ ತಿಂಗಳು ಹೇಗೆ ಕಳೆಯಿತೆಂದು ಕೇಳಬೇಡಿ. ಪಟಾಪಟಿ ಚಡ್ಡಿಯ ಲಾಡಿ ಬಿಗಿದಷ್ಟೂ ಸಾಲದು. ಅಂಗಿಯೊಳಗೆ ಆಳು ಇದ್ದಾನೋ ಇಲ್ಲವೋ ಅನ್ನುವಂತೆ ಸೊರಗಿದ. ರಾಗಿ ಕೊಯ್ಲಿನ ಕಾಲ, ದಿಣ್ಣೆ ಹತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು, ಕುಡುಗೋಲು ಹಿಡಿದು ಸುಮ್ಮನೆ ಕೂತುಬಿಡುತ್ತಿದ್ದ. ಕೇಳಿದವರಿಗೆ ಕೆಲಸ ಜಾಸ್ತಿ ಅನ್ನುತ್ತಿದ್ದ. ಅತ್ತ ಕಾಳಿಯ ಮೈ ಮಿರಮಿರ ಮಿಂಚತೊಡಗಿತು. ಡೈರಿಯಲ್ಲಿ ಮಂಜುನಾಥ, "ಏನ್ ತಿನ್ನುಸ್ತೀಯಲಾ ಎಮ್ಮೆಗೆ? ಫ್ಯಾಟು ಏರ್ತಾನೇ ಅದೆ. ನೀನೂ ವಸಿ ಅದುನ್ನೇ ತಿನ್ನಬಾರ್ದಾ!" ಎಂದು ಎಲ್ಲರ ಮುಂದೆ ಅಂದ. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಚಲುವರಾಜುವೂ ನಕ್ಕ. ಕ್ಯಾನು ಎತ್ತಿಕೊಂಡು ಬೇಗ ಬೇಗ ಹೊರಟುಬಿಟ್ಟ.

ದ್ಯಾವಮ್ಮನಿಗೆ ಇದು ಕಾಣಲಿಲ್ಲವೇ? ಕಂಡಿತು. ಆದರೆ ಅವಳ ಲೆಕ್ಕ ಬೇರೆ. ನಾಲ್ಕು ಮುದ್ದೆ ಉಂಡೂ ಮನುಷ್ಯ ಸೊರಗಿದರೆ ಅದು ಊಟದ ದೋಷವಲ್ಲ, ಕಣ್ಣಿನ ದೋಷ. ಅವತ್ತು ಜಗಲಿಯ ಮೇಲೆ ಎಲ್ಲರೆದುರು ಉಂಡೆ ತೋರಿಸಿ ಊಟ ಲೆಕ್ಕ ಹಾಕಿದರಲ್ಲ, ಆ ಮಂಜುನಾಥನ ಹಾಳು ಕಣ್ಣೇ ಬಿದ್ದಿರಬೇಕು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಗಂಡನ ಮುದ್ದೆಯ ಗಾತ್ರ ಇನ್ನಷ್ಟು ಹೆಚ್ಚಿಸಿದಳು. ಕಾಳಿಗೆ ಹಬ್ಬ.

ಎರಡನೆಯ ಸಲ ಬರುತ್ತೇನೆಂದು ಅಸ್ಫಿಯಾಳ ಫೋನು ಬಂದಾಗ ಚಲುವರಾಜು ಕಣದಲ್ಲಿದ್ದ. ಫೋನು ಎತ್ತಿದವಳು ದ್ಯಾವಮ್ಮ.

"ಆ ಉಡ್ಗಿ ಬತ್ತಳಂತೆ ನಾಳೆ," ಅಂದಳು ಬಂದು. "ಅದೇ ಪ್ರಶ್ನೆ ಕೇಳ್ತಳಂತೆ. ಈ ಸಲ ತಕ್ಕಡಿ ತತ್ತಳಂತೆ. ಬೆಳಗಿನ್ ಊಟ ಅವ್ಳ ಮುಂದೆನೇ ಉಣ್ಬೇಕಂತೆ. ಉಣ್ಣೋಕ್ ಮುಂಚೆ ತಟ್ಟೆ ತೂಗಿ, ಉಂಡಾದ್ಮೇಲೆ ಇನ್ನೊಂದ್ಸಲ ತೂಗ್ತಳಂತೆ."

 ನಾಳೆ ಸಂತೆಗೆ ಹೋಗಬೇಕು ಅಂದ ಚಲುವರಾಜು. ನಾಳೆ ಯಾವ ಸಂತೆ ಅಂದಳು ಅವಳು. ಅಕ್ಕಿಹೆಬ್ಬಾಳಿನಲ್ಲಿ ಒಬ್ಬರನ್ನು ನೋಡಬೇಕು ಅಂದ. "ನೀವಿಲ್ದಿದ್ರೆ ಇದ್ದ ದಿನ ಬತ್ತೀನಿ ಅಂದವ್ಳೆ. ಎಲ್ಲಿಗಾರ ಓಗಿ," ಅಂದಳು. ಎಲ್ಲಿಗೆ ಹೋಗುವುದು? ಊರು ಬಿಡಬಹುದು, ತನ್ನ ಗಂಟಲು ಬಿಟ್ಟು ಹೋಗಲು ಬರುತ್ತದೆಯೇ? ಆ ಸಂಜೆ ಕೊಟ್ಟಿಗೆಯಲ್ಲಿ ಕೂತು ಒಂದು ಚೂರು ಮುದ್ದೆ ಮುರಿದು, ಕಡಲೆಕಾಳಿನಷ್ಟು ಉಂಡೆ ಮಾಡಿ ಬಾಯಿಗಿಟ್ಟುಕೊಂಡ. ನುಂಗಿದ. ಅದು ಎಂದಿನ ಜಾಗಕ್ಕೆ ಬಂದು ನಿಂತಿತು. ಗೋಡೆ ಹಿಡಿದು, ಎದೆ ಗುದ್ದಿಕೊಂಡು, ಕಣ್ಣೀರು ಇಳಿಸಿಕೊಂಡು, ಕೊನೆಗೆ ಅದನ್ನು ಹೊರಕ್ಕೆ ತೆಗೆದ. ಕಾಳಿ ಮಿಕ್ಕ ಮುದ್ದೆಗೆ ಕತ್ತು ಚಾಚಿತು.

ಮಾರನೆಯ ಬೆಳಿಗ್ಗೆ ಇಮಾಮ್ ತಾನೇ ಆಟೋದಲ್ಲಿ ಮಗಳನ್ನು ಕರೆದುಕೊಂಡು ಬಂದ. ಅವಳನ್ನು ಇಳಿಸಿ ಗಾಡಿಯನ್ನು ಹುಣಸೆ ಮರದ ನೆರಳಿಗೆ ನಿಲ್ಲಿಸಿದ. "ಕ್ಯಾ ಚಲುವರಾಜಣ್ಣ, ಭಾಳ ಇಳಿದೋಗಿದೀರಲ್ಲ!" ಅಂದ. ಚಲುವರಾಜು ಕೇಳದವನಂತೆ ಒಳಗೆ ಹೋದ.

ದ್ಯಾವಮ್ಮ ಅಡುಗೆಯಲ್ಲಿ ಜೋರು ಮಾಡಿದ್ದಳು. ಅವರೆಕಾಳಿನ ಸಾರು ಮನೆಯೆಲ್ಲ ಘಮ್ಮೆನ್ನುತ್ತಿತ್ತು. ಊಟಕ್ಕೆ ಮೊದಲು ಪ್ರಶ್ನೆ ಎಂದಳು ಅಸ್ಫಿಯಾ. ನಡುಮನೆಯಲ್ಲಿ ಚಾಪೆ ಹಾಸಿ ಕೂತರು. ಬ್ರೆಡ್ಡು? ಜ್ವರ ಬಂದರೆ. ಅಣಬೆ? ಮಳೆ ಬಿದ್ದಾಗ ಸಿಕ್ಕಿದರೆ. ಮೀನು? ನಾಲೆ ನೀರು ನಿಲ್ಲಿಸಿದಾಗ. ಮರದ ಉಂಡೆಗಳು ಹೊರಬಂದವು.

"ದೊಡ್ಡುದು," ಅಂದ ಚಲುವರಾಜು. "ಬೆಳಿಗ್ಗೆ ಎರಡು, ರಾತ್ರಿ ಎರಡು."

ಹುಡುಗಿಯ ಮುಖ ಅರಳಿತು. "ಅಣ್ಣ, ಹೋದ ಸಲದ್ದಕ್ಕೂ ಇವತ್ತಿಂದಕ್ಕೂ ಒಂದಕ್ಷರ ವ್ಯತ್ಯಾಸ ಇಲ್ಲ. ಮೂರು ತಾಲ್ಲೂಕಲ್ಲಿ ನಿಮ್ಮಷ್ಟು ಸರಿಯಾಗಿ ಹೇಳಿದೋರು ಯಾರೂ ಇಲ್ಲ."

ಏನನ್ನಬೇಕು ಹೇಳಿ ಇದಕ್ಕೆ! ಎರಡು ಸಲ ಕೇಳಿದರು, ಎರಡು ಸಲವೂ ಹೊಂದಿಕೊಂಡಿತು. ಕೇಳಿದ್ದಕ್ಕೆ ಹೇಳಿದ್ದು ತಾಳೆಯಾದರೆ ನಿಜ ಅಂತ ಅವರ ಲೆಕ್ಕ. ಸುಳ್ಳು ಹೇಳುವವನಿಗಿಂತ ಚೆನ್ನಾಗಿ ಹೇಳಿದ್ದನ್ನು ನೆನಪಿಟ್ಟುಕೊಳ್ಳುವವರು ಯಾರಿದ್ದಾರೆ? ಅವನು ತಲೆ ತಗ್ಗಿಸಿ ಚಾಪೆಯ ಅಂಚು ಎಳೆಯುತ್ತ ಕೂತ.

"ನೀವು ಹೇಳಿ ಅಕ್ಕ. ಬೆಳಿಗ್ಗೆ?"

"ಒಂದೂವರೆ."

"ರಾತ್ರಿ?"

ದ್ಯಾವಮ್ಮ ಸೆರಗು ಸರಿಮಾಡಿಕೊಂಡಳು. "ರಾತ್ರಿ ಏನೂ ಇಲ್ಲ," ಅಂದಳು.

"ಹೋದ ಸಲ ಒಂದು ಅಂದಿದ್ರಿ?"

"ಆವಾಗ ಉಣ್ತಿದ್ದೆ, ಈಗ ಉಣ್ತಿಲ್ಲ. ಅಂಗೇ ಬರ್ಕೊ."

"ಯಾಕಕ್ಕ? ಹುಷಾರಿಲ್ವಾ?"

"ನಂಗೇನಾಗದೆ, ಗುಂಡ್ಕಲ್ ಇದ್ದಂಗಿವ್ನಿ." ಅವಳು ಗಂಡನ ಕಡೆ ನೋಡದೆ ಹುಡುಗಿಗೆ ಹೇಳಿದಳು. "ಒಪ್ಪತ್ತು ಇಡ್ಕೊಂಡಿವ್ನಿ ಕಣವ್ವ. ನೀನು ಓದ್ಮೇಲೆ ಶುರು ಮಾಡ್ದೆ. ನೋಡಲ್ಲಿ, ನಾಲ್ಕ್ ನಾಲ್ಕು ಮುದ್ದೆ ಉಂಡ್ರೂ ಎಂಗಾಗವ್ರೆ. ಅದೇನ್ ಕಣ್ ಬಿತ್ತೋ ಏನೋ. ಇವ್ರ ಮೈ ಮೊದ್ಲಿನಂಗೆ ತುಂಬ್ಕೊಳ್ಳೋಗಂಟ ರಾತ್ರಿ ಅನ್ನ ಮುಟ್ಟಲ್ಲ ಅಂತ ಮನೆದೇವ್ರಿಗೆ ಏಳ್ಕೊಂಡಿವ್ನಿ. ಅದ್ನೆಲ್ಲ ಬರ್ಕೋಬ್ಯಾಡ ಮತ್ತೆ."

ಚಲುವರಾಜು ತಲೆ ಎತ್ತಿದ. ತಿಂಗಳಿಂದ ಅವನು ಹೆಂಡತಿಯನ್ನು ಸರಿಯಾಗಿ ನೋಡಿರಲಿಲ್ಲ. ಅವಳು ತನ್ನನ್ನು ನೋಡಿಯಾಳೆಂದು ಹೆದರಿ ಅವಳ ಮುಖ ತಪ್ಪಿಸಿಕೊಂಡೇ ಓಡಾಡಿದ್ದ. ಈಗ ನೋಡಿದ. ಬಳೆ ಮೊಣಕೈವರೆಗೆ ಸರಿದಿತ್ತು. ಕೆನ್ನೆಯ ಮೂಳೆ ಎದ್ದಿತ್ತು. ದಿನವೆಲ್ಲ ರಾಗಿ ಕೊಯ್ದು, ಹೊರೆ ಹೊತ್ತು, ಅವನಿಗೆ ಮುದ್ದೆ ತೊಳಸಿ ಕೊಟ್ಟು, ಬರೀ ನೀರು ಕುಡಿದು ಮಲಗುತ್ತಿದ್ದಳು ಈ ಹೆಂಗಸು. ಅವಳ ಹರಕೆ ತೀರಬೇಕಾದರೆ ಅವನ ಮೈ ತುಂಬಬೇಕು. ಅವನ ಮೈ ಇನ್ನು ತುಂಬುವುದುಂಟೇ? ಅಂದರೆ ಇವಳ ಹರಕೆ ತೀರುವುದುಂಟೇ? ಅವನು ಬಾಯಿ ಮುಚ್ಚಿಕೊಂಡಿದ್ದರೆ ಇಬ್ಬರೂ ಹೀಗೇ ಒಣಗಬೇಕು, ಕಾಳಿಯೊಂದು ಉಳಿದುಕೊಳ್ಳುತ್ತದೆ.

ಅವನಿಗೆ ಅಳು ಬಂತು, ಅದೂ ಅದೇ ಜಾಗದಲ್ಲಿ ಸಿಕ್ಕಿಕೊಂಡಿತು.

"ಸರಿ ಬುಡಿ, ಏಳಿ ಕೈ ತೊಳ್ಕೊಳಿ," ಎಂದು ದ್ಯಾವಮ್ಮ ಎದ್ದಳು. ತಟ್ಟೆ ತಂದಿಟ್ಟಳು. ಎರಡು ಮುದ್ದೆ, ಮರದ ದೊಡ್ಡ ಉಂಡೆಯನ್ನು ನಾಚಿಸುವಂಥವು, ಮೇಲೆ ಒಂದೊಂದು ಗುಳಿ ಮಾಡಿ ತುಪ್ಪ ಬಿಟ್ಟಿದ್ದಳು. ಅಸ್ಫಿಯಾ ತಟ್ಟೆಯನ್ನು ತಕ್ಕಡಿಯ ಮೇಲಿಟ್ಟು, ತೂಕ ನೋಡಿ, ಬರೆದುಕೊಂಡು, ಅವನ ಮುಂದೆ ಸರಿಸಿದಳು. "ಉಣ್ಣಿ ಅಣ್ಣ. ದಿನಾ ಹೆಂಗೆ ಉಣ್ತೀರೋ ಹಂಗೆ."

ಅವನು ಮುದ್ದೆ ಮುರಿದ. ಬೆರಳುಗಳಿಗೆ ಕೆಲಸ ಮರೆತಿರಲಿಲ್ಲ, ತುತ್ತು ಚೆನ್ನಾಗಿಯೇ ಉಂಡೆಯಾಯಿತು. ಸಾರಿನಲ್ಲಿ ಹೊರಳಿಸಿದ. ಕೈ ಅರ್ಧಕ್ಕೆ ಎದ್ದು ನಿಂತಿತು. ಇಬ್ಬರು ಹೆಂಗಸರು ನೋಡುತ್ತಿದ್ದರು, ಸಾರು ಬೆರಳಿಂದ ತೊಟ್ಟಿಕ್ಕುತ್ತಿತ್ತು. ತಟ್ಟೆಯ ಸದ್ದು ಕೇಳಿತ್ತೇನೋ, ಊಟದ ಹೊತ್ತು ಮೀರಿತ್ತೇನೋ, ಹಿಂದಿನ ಕೊಟ್ಟಿಗೆಯಿಂದ ಕಾಳಿ ಒಂದೇ ಸಮನೆ ಅರಚತೊಡಗಿತು.

"ಇದೊಂದು, ದಿನಾ ಊಟದೊತ್ತಿಗೇ," ಎಂದು ದ್ಯಾವಮ್ಮ ಗೊಣಗಿದಳು. "ಮೇವು ಆಕಿವ್ನಲ್ಲ ಅದ್ಕೆ."

"ಮೇವಿಗಲ್ಲ," ಅಂದ ಚಲುವರಾಜು. ತುತ್ತನ್ನು ತಟ್ಟೆಗೆ ಇಟ್ಟ. "ಅದು... ಮುದ್ದೆಗೆ. ಅಸ್ಫಿಯಾ, ಒಡೆದಾಕ್ಬುಡವ್ವ ನಾನೇಳಿದ್ನ. ಬೆಳಿಗ್ಗೆ ಎರಡು ರಾತ್ರಿ ಎರಡು ನಾನಲ್ಲ ತಿನ್ನೋದು. ಕಾಳಿ ತಿಂತದೆ."

ದ್ಯಾವಮ್ಮ ನಕ್ಕುಬಿಟ್ಟಳು. ಗಂಡ ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡಳು. ಹುಡುಗಿಯೂ ನಗಲು ಹೊರಟಳು. ಚಲುವರಾಜು ನಗಲಿಲ್ಲ. ತಟ್ಟೆಯ ಮುಂದೆ ಕೂತು ಎಡಗೈಯಲ್ಲಿ ಎದೆಯ ಮೇಲುಭಾಗವನ್ನು ಮುಟ್ಟಿಕೊಂಡ, ಇಲ್ಲಿ ಎಂದು ತೋರಿಸುವವನಂತೆ. ಶಿವಲಿಂಗಯ್ಯನೂ ಹೀಗೇ ಮುಟ್ಟಿಕೊಳ್ಳುತ್ತಿದ್ದ. ದ್ಯಾವಮ್ಮನ ನಗು ನಿಂತಿತು.

ಅವಳು ಕಿರುಚಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಅವನ ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಕೂತು, ಮೆಲ್ಲಗೆ, ಒಂದೊಂದಾಗಿ ಕೇಳಿದಳು. ಅವಳ ಕೈಯಲ್ಲಿ ಟ್ಯಾಬಿರಲಿಲ್ಲ, ಉಂಡೆಗಳಿರಲಿಲ್ಲ.

"ಮುದ್ದೆ ಇಳೀತಿಲ್ವಾ?"

"ಇಲ್ಲ."

"ಅನ್ನ?"

"ಅದೂ ಇಲ್ಲ."

"ಗಂಜಿ?"

"ತೆಳ್ಳಗಿದ್ರೆ... ವಸಿ ವಸಿ."

ಅವಳಿಗೆ ಮುಂದಿನದನ್ನು ಕೇಳಲು ಆಗಲಿಲ್ಲ.  ಹೊರಗೆ ಕಾಳಿ ಅರಚುತ್ತಲೇ ಇತ್ತು. ಕೇಳದಿದ್ದ ಪ್ರಶ್ನೆಗೆ ಚಲುವರಾಜುವೇ ಉತ್ತರ ಕೊಟ್ಟ.

"ನೀರು ಓಯ್ತದೆ ಕಣಮ್ಮಿ," ಅಂದ. ಅವನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಅಳು ಈಗ ಬಂತು. "ಇನ್ನ ಓಯ್ತದೆ. ನೀರು ಇನ್ನ ಓಯ್ತದೆ."

ದ್ಯಾವಮ್ಮ ಎದ್ದಳು. ಇಷ್ಟು ವರ್ಷ ಬಹುವಚನದಲ್ಲಿ ಕರೆದವನನ್ನು ಮೊದಲ ಸಲ ಏಕವಚನದಲ್ಲಿ ಬೈದಳು. "ಥೂ ನಿನ್ನ! ಎಮ್ಮೆಗೆ ಏಳ್ಕೊಂಡ್ಯಲ್ಲೋ, ನಂಗೇಳೋಕ್ ಆಗ್ಲಿಲ್ವಾ ನಿಂಗೆ? ನಂಗೆ? ನಾನೇನ್ ಸತ್ತೋಗಿದ್ನಾ?" ಬೈಯುತ್ತಲೇ ಗೂಟದ ಮೇಲಿನ ಸೀರೆ ಎಳೆದುಕೊಂಡಳು, ಬೈಯುತ್ತಲೇ ಸೌದೆ ಮುಂದಕ್ಕೆಳೆದು ಒಲೆ ಆರಿಸಿದಳು, ಕಣ್ಣು ಒರೆಸಿಕೊಂಡಳು, ಫ್ಲಾಸ್ಕಿಗೆ ಹಾಲು ತುಂಬಿದಳು. ಆಮೇಲೆ ಅಸ್ಫಿಯಾಳತ್ತ ತಿರುಗಿದಳು. "ನಿಮ್ಮಪ್ಪುಂಗೆ ಏಳವ್ವ ಗಾಡಿ ತಿರುಗ್ಸೋಕೆ. ದೊಡ್ಡಾಸ್ಪತ್ರೆಗೆ. ಈಗ್ಲೇಯ. ಗಂಜಿ ನಿಂತ್ಮೇಲಲ್ಲ, ಈಗ್ಲೇ."

ಹುಡುಗಿ ಆಗಲೇ ಬಾಗಿಲಲ್ಲಿದ್ದಳು. "ಅಬ್ಬಾ! ಗಾಡಿ ನಿಕಾಲೊ!" ಎಂದು ಅವಳು ಅಪ್ಪನನ್ನು ಕೂಗಿದ್ದು ಹುಣಸೆ ಮರದವರೆಗೂ ಕೇಳಿತು. ಟ್ಯಾಬು, ತಕ್ಕಡಿ, ಮರದ ಉಂಡೆ ಎಲ್ಲ ಚಾಪೆಯ ಮೇಲೆಯೇ ಬಿದ್ದಿದ್ದವು. ತಟ್ಟೆಯಲ್ಲಿ ಎರಡು ಮುದ್ದೆಯೂ ಹಾಗೇ ಇದ್ದವು. ದ್ಯಾವಮ್ಮ ಆ ತಟ್ಟೆ ಎತ್ತಿಕೊಂಡು ಕೊಟ್ಟಿಗೆಗೆ ಹೋಗಿ ಕಾಳಿಯ ಮುಂದೆ ಸುರಿದು ಬಂದಳು. ಅದು ಅರಚುವುದನ್ನು ನಿಲ್ಲಿಸಿತು.

ಲಗೇಜ್ ಆಟೋದ ಮುಂದಿನ ಸೀಟಿನಲ್ಲಿ ಇಮಾಮನ ಪಕ್ಕ ಚಲುವರಾಜುವನ್ನು ಕೂರಿಸಿದರು. ಹೆಂಗಸರಿಬ್ಬರೂ ಹಿಂದೆ, ಹುಲ್ಲಿನ ಹೊಟ್ಟು ಉಳಿದಿದ್ದ ಜಾಗದಲ್ಲಿ ಚೀಲ ಹಾಸಿಕೊಂಡು ಕೂತರು. ನಾಲೆ ಏರಿಯ ಮೇಲೆ ಗಾಡಿ ಕುಲುಕುತ್ತ ಹೊರಟಿತು. ಚಲುವರಾಜುವಿಗೆ ಹೆದರಿಕೆ ಹೋಗಿರಲಿಲ್ಲ. ಅಣ್ಣನನ್ನು ಕರೆದೊಯ್ದದ್ದೂ ಇದೇ ದಾರಿಯಲ್ಲಿ. ಡಾಕ್ಟರು ಏನು ಕೇಳುತ್ತಾರೋ, ಕೇಳಿದ ಮೇಲೆ ಏನು ಹೇಳುತ್ತಾರೋ.  ಏನನ್ನೋ ಬಾಯಿಪಾಠ ಮಾಡುವವನಂತೆ ತುಟಿ ಅಲ್ಲಾಡುತ್ತಿತ್ತು.

ಹಿಂದಿನ ಕಿಂಡಿಯಿಂದ ದ್ಯಾವಮ್ಮ ಕೈ ತೂರಿಸಿ ಅವನ ಭುಜ ಹಿಡಿದುಕೊಂಡಳು.

"ಡಾಕ್ಟ್ರು ಕೇಳುದ್ರೆ ನೀನು ಬಾಯ್ ಬುಡ್ಬ್ಯಾಡ," ಅಂದಳು. "ಈ ಸಲ ನಾನೇಳ್ತೀನಿ."